ಟೀಮ್ ಬ್ರಿಡ್ಜ್ ಆಡಲು ವಿದೇಶಿ ತಂಡಗಳ ಎದುರು ಕೂರುವ ಮುನ್ನ

ಮೊದಲ ಸಲ ಟೀಮ್ ಪಂದ್ಯ ಆಡಿದವರಿಗೆ ಒಂದು ತಬ್ಬಿಬ್ಬು ಇದ್ದದ್ದೇ. ಎರಡು ಗಂಟೆಗೂ ಮೀರಿ ಕೂತು 16 ಬೋರ್ಡು, ಅಂದರೆ 16 ಸಲ ಹಂಚಿದ ಎಲೆ, ಆಡಿ ಎದ್ದಿರುತ್ತೀರಿ, ಗೆದ್ದಿರೋ ಸೋತಿರೋ ಗೊತ್ತಿರುವುದಿಲ್ಲ. ಅವೇ 16 ಬೋರ್ಡುಗಳನ್ನು ಇನ್ನೊಂದು ಕೋಣೆಯಲ್ಲಿ ನಿಮ್ಮದೇ ತಂಡದ ಇನ್ನಿಬ್ಬರು ಆಡಿರುತ್ತಾರೆ, ನಿಮ್ಮ ಎದುರಾಳಿಗಳು ಇಲ್ಲಿ ಹಿಡಿದಿದ್ದ ಎಲೆಗಳನ್ನು ಅಲ್ಲಿ ಹಿಡಿದು. ನೀವು ಓಪನ್ ರೂಮಿನಲ್ಲಿ ಉತ್ತರ-ದಕ್ಷಿಣ ಕೂತಿದ್ದರೆ ಅವರು ಕ್ಲೋಸ್ಡ್ ರೂಮಿನಲ್ಲಿ ಪೂರ್ವ-ಪಶ್ಚಿಮ. ಎರಡೂ ಕೋಣೆಯ ಅಂಕಗಳನ್ನು ಎದುರುಬದುರು ಇಟ್ಟು ನೋಡಿದಾಗ ಉಳಿದದ್ದೇ ಫಲಿತಾಂಶ. ಎಲೆ ಕೆಟ್ಟದಾಗಿ ಬಂತು ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ನಿಮಗೆ ಬಂದ ದರಿದ್ರ ಎಲೆಯೇ ಅಲ್ಲಿ ಎದುರಾಳಿಗೂ ಬಂದಿರುತ್ತದೆ.

ಬ್ರಿಡ್ಜ್ ಆಡಲು ಬರುವವರಿಗಾಗಿ, ಕ್ಲಬ್ಬಿನಲ್ಲಿ ನಾಲ್ಕಾರು ವರ್ಷ ಆಡಿ ಈಗ ಹೊರಗೊಂದು ಕಾಲಿಟ್ಟು ನೋಡೋಣ ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಕಳಾವರ್, ಆಟಿನ್ ಎನ್ನುವವರೂ ಬ್ರಿಡ್ಜ್ ಮೇಜಿಗೆ ಬಂದರೆ ಕ್ಲಬ್, ಹಾರ್ಟ್ ಎನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಯಾವ ಬಾಗಿಲು ತೆರೆದಿದೆ?

ಬರ್ಮುಡಾ ಬೌಲ್ ಎಂಬ ಹೆಸರು ಕೇಳಿರುತ್ತೀರಿ. 1950ರಲ್ಲಿ ಬರ್ಮುಡಾ ದ್ವೀಪದಲ್ಲಿ ಶುರುವಾದ ವಿಶ್ವ ತಂಡ ಚಾಂಪಿಯನ್‌ಶಿಪ್ ಅದು. ಈಗ ಸಾಮಾನ್ಯವಾಗಿ ಬೆಸ ಸಂಖ್ಯೆಯ ವರ್ಷಗಳಲ್ಲಿ ನಡೆಯುತ್ತದೆ. ಅದರ ಜೊತೆಗೇ ಮಹಿಳೆಯರಿಗೆ ವೆನಿಸ್ ಕಪ್, ಹಿರಿಯರಿಗೆ ಡಿ'ಓರ್ಸಿ ಟ್ರೋಫಿ, 2019ರಿಂದ ಮಿಶ್ರ ತಂಡಗಳಿಗೆ ವುಹಾನ್ ಕಪ್. ಒಂದೊಂದರಲ್ಲೂ 24 ತಂಡಗಳು. ಮೊದಲು ಎಲ್ಲರೂ ಎಲ್ಲರ ಎದುರು 16 ಬೋರ್ಡಿನ ಪಂದ್ಯ ಆಡುತ್ತಾರೆ, ಮೊದಲ ಎಂಟು ತಂಡಗಳು ಕ್ವಾರ್ಟರ್ ಫೈನಲ್‌ಗೆ. ಅಲ್ಲಿಂದ ಮುಂದೆ ನಾಕೌಟ್. ಒಂದು ಕ್ವಾರ್ಟರ್ ಫೈನಲ್ ಅಂದರೆ 16 ಬೋರ್ಡಿನ ಆರು ಭಾಗ, ಒಟ್ಟು 96 ಬೋರ್ಡು, ಎರಡು ದಿನ.

ಇಲ್ಲಿಗೆ ನೇರ ಪ್ರವೇಶವಿಲ್ಲ. ವಿಶ್ವ ಬ್ರಿಡ್ಜ್ ಫೆಡರೇಶನ್ ಜಗತ್ತನ್ನು ಎಂಟು ವಲಯ ಮಾಡಿದೆ. ನಮ್ಮದು ಏಷ್ಯಾ ಮತ್ತು ಮಧ್ಯಪ್ರಾಚ್ಯ ವಲಯ. ಮೊದಲು ದೇಶದೊಳಗೆ ಬ್ರಿಡ್ಜ್ ಫೆಡರೇಶನ್ ಆಫ್ ಇಂಡಿಯಾದ ಆಯ್ಕೆ ಪಂದ್ಯ ಗೆಲ್ಲಬೇಕು, ಆಮೇಲೆ ವಲಯದಲ್ಲಿ ಗೆಲ್ಲಬೇಕು. ವಲಯ ಅಂದರೆ ಸುಲಭ ಎಂದುಕೊಳ್ಳಬೇಡಿ: ಇದೇ ವಲಯದ ಪಾಕಿಸ್ತಾನ 1981ರಲ್ಲಿ ಬರ್ಮುಡಾ ಬೌಲ್ ಫೈನಲ್‌ವರೆಗೆ ಹೋಗಿತ್ತು. ಭಾರತವೂ 1988ರ ವೆನಿಸ್ ಒಲಿಂಪಿಯಾಡ್‌ನಲ್ಲಿ ಸೆಮಿಫೈನಲ್ ಆಡಿದೆ, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ ತಂಡ ಬೆಳ್ಳಿ ತಂದಿದೆ.

ಆದರೆ ನನ್ನ ನಿಮ್ಮಂಥವರಿಗೆ ತೆರೆದ ಬಾಗಿಲು ಬೇರೆ ಇದೆ, ಮತ್ತು ಅದು ಬಹಳ ಜನಕ್ಕೆ ಗೊತ್ತಿಲ್ಲ. ಬರ್ಮುಡಾ ಬೌಲ್ ನಡೆಯುವ ಊರಲ್ಲೇ, ಅದರ ಎರಡನೇ ವಾರದಲ್ಲಿ, ಟ್ರಾನ್ಸ್‌ನ್ಯಾಶನಲ್ ತಂಡಗಳ ಪಂದ್ಯ ನಡೆಯುತ್ತದೆ. ಇಲ್ಲಿ ಯಾವ ದೇಶದವರು ಯಾರ ಜೊತೆಗಾದರೂ ಸೇರಿ ತಂಡ ಕಟ್ಟಬಹುದು. ನಿಮ್ಮ ರಾಷ್ಟ್ರೀಯ ಫೆಡರೇಶನ್ನಿನಲ್ಲಿ ಸದಸ್ಯತ್ವ ಸರಿಯಾಗಿದ್ದು ಪ್ರವೇಶ ಶುಲ್ಕ ಕಟ್ಟಿದರೆ ಸಾಕು. ನಾಲ್ಕು ವರ್ಷಕ್ಕೊಮ್ಮೆಯ ವಿಶ್ವ ಬ್ರಿಡ್ಜ್ ಸರಣಿಯ ರೋಸೆನ್‌ಬ್ಲಮ್ ಕಪ್ ಕೂಡ ಹೀಗೇ ಮುಕ್ತ. ನಾನು ಹೊಕ್ಕಿದ್ದು ಈ ಬಾಗಿಲಿನಿಂದಲೇ, 2015ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಚೆನ್ನೈಗೆ ಬಂದಾಗ. ಬೆಂಗಳೂರಿನಿಂದ ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರಕ್ಕೆ ವಿಶ್ವ ಚಾಂಪಿಯನ್ನರು ಬಂದಿದ್ದರು. ಕ್ವಾರ್ಟರ್ ಫೈನಲ್ ತಲುಪದ ದೇಶಗಳ ತಂಡಗಳು, ಆಮೇಲೆ ನಾಕೌಟ್‌ನಲ್ಲಿ ಸೋತವರು ಕೂಡ ಟ್ರಾನ್ಸ್‌ನ್ಯಾಶನಲ್‌ಗೆ ಇಳಿಯುತ್ತಾರೆ. ಹಾಗಾಗಿ ನೀವು ಬರೀ ಫೋಟೋದಲ್ಲಿ ಕಂಡವರು ಮೂರನೇ ಸುತ್ತಿನಲ್ಲಿ ನಿಮ್ಮ ಎಡಕ್ಕೆ ಕೂತು "ಗುಡ್ ಮಾರ್ನಿಂಗ್" ಅನ್ನುವ ಸಾಧ್ಯತೆ ನಿಜವಾಗಿಯೂ ಇದೆ.

ಅದಕ್ಕೂ ಮೊದಲು ಒಂದು ತಾಲೀಮು ಬೇಕೆಂದರೆ ದೆಹಲಿ ಕಡೆ ನಡೆಯುವ ಎಚ್‌ಸಿಎಲ್ ಅಂತರರಾಷ್ಟ್ರೀಯ ಪಂದ್ಯಾವಳಿ ಇದೆ. ದೇಶದೊಳಗಿನ ರುಯಿಯಾ ಟ್ರೋಫಿಯಲ್ಲಿ ಒಂದೆರಡು ಸಲ ಪೆಟ್ಟು ತಿಂದು ಹೋಗುವುದೂ ಒಳ್ಳೆಯದೇ.

ತಂಡ: ಆರು ಜನ, ಮೂರು ಜೋಡಿ

ತಂಡದಲ್ಲಿ ನಾಲ್ಕರಿಂದ ಆರು ಜನ ಇರಬಹುದು. ಖರ್ಚು ನೋಡಿ ನಾಲ್ಕೇ ಸಾಕು ಎನ್ನುವವರಿದ್ದಾರೆ. ದಿನಕ್ಕೆ 16ರ ಮೂರು ಪಂದ್ಯ, ಅಂದರೆ 48 ಬೋರ್ಡು, ಇದನ್ನು ಐದು ದಿನ ಒಂದೇ ಸಮ ಆಡಿ ನೋಡಿದವರು ಆ ಮಾತಾಡುವುದಿಲ್ಲ. ಮೂರನೇ ದಿನದ ಮಧ್ಯಾಹ್ನ ಊಟವಾದ ಮೇಲಿನ ಪಂದ್ಯದಲ್ಲಿ ಹೋದ ತುರುಪು ಎಷ್ಟು, ಉಳಿದದ್ದೆಷ್ಟು ಎಂದು ಎಣಿಸಲು ಆಗದಂಥ ಮಂಪರು ಬರುತ್ತದೆ. ಆರು ಜನ ತೆಗೆದುಕೊಳ್ಳಿ, ಪ್ರತಿ ಜೋಡಿಗೂ ದಿನಕ್ಕೊಂದು ಪಂದ್ಯ ಬಿಡುವು ಕೊಡಿ.

ಆರಿಸುವಾಗ ಆರು ಒಳ್ಳೆಯ ಆಟಗಾರರನ್ನು ಹುಡುಕಬೇಡಿ, ಮೂರು ಒಳ್ಳೆಯ ಜೋಡಿಗಳನ್ನು ಹುಡುಕಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಡ್ಜ್ ಮೊದಲ ಬಾರಿಗೆ ಸೇರಿದಾಗ ಪುರುಷರ ಜೋಡಿ ವಿಭಾಗದ ಚಿನ್ನ ತಂದವರು 60 ವರ್ಷದ ಪ್ರಣಬ್ ಬರ್ಧನ್ ಮತ್ತು 56 ವರ್ಷದ ಶಿವನಾಥ್ ಸರ್ಕಾರ್, ಬಹಳ ಕಾಲದಿಂದ ಜೊತೆಗೆ ಆಡಿದವರು. ನಿಮ್ಮ ಊರಿನ ಅತಿ ಚುರುಕಿನ ಹುಡುಗನನ್ನೂ ಅತಿ ಅನುಭವಿ ಹಿರಿಯರನ್ನೂ ಒಂದು ತಿಂಗಳ ಹಿಂದೆ ಗಂಟು ಹಾಕಿ ಕಳಿಸಿದರೆ ಮೊದಲ ಕಷ್ಟದ ಬಿಡ್ಡಿಂಗಿನಲ್ಲೇ ಆ ಗಂಟು ಬಿಚ್ಚುತ್ತದೆ.

ಆಡದ ಕ್ಯಾಪ್ಟನ್ ಒಬ್ಬರಿರಲಿ. ಯಾವ ಜೋಡಿ ಯಾವಾಗ ಕೂರಬೇಕು ಎಂದು ಹೇಳುವ ಕೆಲಸ ಆಡುವವರಿಗೆ ಬಿಟ್ಟರೆ ಮನಸ್ತಾಪ ಗ್ಯಾರಂಟಿ. ಪ್ರತಿ ಪಂದ್ಯಕ್ಕೆ ಮುನ್ನ ಲೈನ್-ಅಪ್ ಕೊಡಬೇಕು. ಒಂದು ತಂಡ ಮೊದಲು ಹೆಸರು ಕೊಡುತ್ತದೆ, ಇನ್ನೊಂದು ಅದನ್ನು ನೋಡಿ ತನ್ನ ಜೋಡಿಗಳನ್ನು ಕೂರಿಸಬಹುದು. ಯಾರ ಸರದಿ ಎಂಬುದು ವೇಳಾಪಟ್ಟಿಯಲ್ಲೇ ಇರುತ್ತದೆ. ತಡವಾದರೆ ದಂಡ ಬೀಳುತ್ತದೆ. ಇದನ್ನೆಲ್ಲ ನೆನಪಿಡುವ, ಊಟಕ್ಕೆ ಎಲ್ಲಿ ಹೋಗುವುದೆಂದು ಮೊದಲೇ ನೋಡಿಡುವ, ಸೋತು ಬಂದವರಿಗೆ ಸುಮ್ಮನೆ ಒಂದು ಲೋಟ ಕಾಫಿ ಹಿಡಿಸುವ ಮನುಷ್ಯ ಬೇಕು. ಖರ್ಚಿನ ಮಾತು, ಅಂದರೆ ಕ್ಯಾಪ್ಟನ್ ಟಿಕೆಟ್ಟಿಗೆ ಯಾರು ಎಷ್ಟು ಹಾಕುವುದು ಎಂಬುದನ್ನೂ, ಹೊರಡುವ ಮೊದಲೇ ಆಡಿ ಮುಗಿಸಿ.

ಕಾರ್ಡು ಬರೆಯುವ ಕೆಲಸ

ಕ್ಲಬ್ಬಿನಲ್ಲಿ "ನಾವು ಐದು ಎಲೆ ಮೇಜರ್, 15-17 ನೋಟ್ರಂಪ್" ಅಂದರೆ ಮುಗಿಯಿತು. ಇಲ್ಲಿ ವಿಶ್ವ ಫೆಡರೇಶನ್ನಿನ ಕನ್ವೆನ್ಷನ್ ಕಾರ್ಡನ್ನು ಪೂರ್ತಿ ತುಂಬಿ, ಹೇಳಿದ ಗಡುವಿನೊಳಗೆ ಕಳಿಸಬೇಕು. ಎದುರಾಳಿಗಳು ಅದನ್ನು ಓದಿ ತಯಾರಾಗಿ ಬರುತ್ತಾರೆ, ನೀವೂ ಅವರದನ್ನು ಓದಬೇಕು.

ಬಿಡ್ಡಿಂಗ್ ಪದ್ಧತಿಗಳಿಗೆ ಬಣ್ಣಗಳಿವೆ. ಸಹಜ ಪದ್ಧತಿಗೆ ಹಸಿರು, ಪ್ರಬಲವಾದ ಒಂದು ಕ್ಲಬ್‌ನಿಂದ ಶುರುವಾಗುವ ಪ್ರಿಸಿಷನ್ ಥರದ್ದಕ್ಕೆ ನೀಲಿ, ಇವೆರಡಕ್ಕೂ ಸೇರದ ಕೃತಕ ಪದ್ಧತಿಗಳಿಗೆ ಕೆಂಪು, ತೀರಾ ಅಸಾಮಾನ್ಯವಾದವಕ್ಕೆ ಹಳದಿ. ಇದಲ್ಲದೆ 'ಬ್ರೌನ್ ಸ್ಟಿಕರ್' ಎಂಬ ಕೆಲವು ಬಿಡ್‌ಗಳಿವೆ, ಅವುಗಳ ಎದುರು ನೀವು ಬರೆದುಕೊಂಡು ಬಂದ ಚೀಟಿಯನ್ನು ಮೇಜಿನಲ್ಲೇ ನೋಡಿ ಬಿಡ್ ಮಾಡಬಹುದು. ಎಲ್ಲ ಪಂದ್ಯಾವಳಿಯಲ್ಲೂ ಎಲ್ಲ ಬಣ್ಣಕ್ಕೆ ಅವಕಾಶವಿಲ್ಲ, ನಿಯಮ ಓದಿಕೊಳ್ಳಿ.

ನಿಮ್ಮ ಪದ್ಧತಿ ಸರಳವಾಗಿದ್ದಷ್ಟೂ ಒಳ್ಳೆಯದು ಎಂಬುದು ನನ್ನ ಪಕ್ಷಪಾತ. ಆದರೆ ಎದುರಾಳಿಗಳದು ಸರಳವಾಗಿರುವುದಿಲ್ಲ. ಕಾರ್ಡು ತುಂಬಿದ ಮೇಲೆ ನಿಮ್ಮ ಜೊತೆಗಾರರ ಜೊತೆ ಒಂದು ಭಾನುವಾರ ಕೂತು ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಅವರು 'ಮಲ್ಟಿ' ಎರಡು ಡೈಮಂಡ್ ತೆರೆದರೆ, ಅಂದರೆ ಹಾರ್ಟ್ ಅಥವಾ ಸ್ಪೇಡ್‌ನಲ್ಲಿ ದುರ್ಬಲ ಆರು ಎಲೆ, ಯಾವುದೆಂದು ಇನ್ನೂ ಹೇಳಿಲ್ಲ, ಆಗ ನಿಮ್ಮ ಡಬಲ್‌ಗೆ ಏನರ್ಥ? ಎರಡನೇ ಸುತ್ತಿನಲ್ಲಿ ಕೊಟ್ಟ ಡಬಲ್‌ಗೆ? ಅವರ ಪ್ರಬಲ ಒಂದು ಕ್ಲಬ್ ಮೇಲೆ ನೀವು ಒಂದು ನೋಟ್ರಂಪ್ ಅಂದರೆ? ಅವರ ನೋಟ್ರಂಪ್ 10-12 ಪಾಯಿಂಟಿನದಾದರೆ ಡಬಲ್ ಶಿಕ್ಷೆಗೋ ಬೇರೆಯದಕ್ಕೋ? ನಾವು ಗೇಮ್ ಕೂಗಿದ ಮೇಲೆ ಅವರು ಐದರ ಮಟ್ಟದಲ್ಲಿ ಬಲಿಗೆ ಬಂದರೆ ನಮ್ಮ ಪಾಸ್ ಮುಂದುವರಿಸಲೇಬೇಕಾದ ಪಾಸೋ ಅಲ್ಲವೋ? ಎಕ್ಕಗಳನ್ನು ಕೇಳಿದಾಗ ನಡುವೆ ಅವರು ಬಾಯಿ ಹಾಕಿದರೆ?

ಉತ್ತರ ಯಾವುದಾದರೂ ಇರಲಿ. ಇಬ್ಬರದೂ ಒಂದೇ ಇರಬೇಕು, ಅಷ್ಟೇ. ಆಮೇಲೆ ಬ್ರಿಡ್ಜ್ ಬೇಸ್ ಆನ್‌ಲೈನ್‌ನಲ್ಲಿ ಎಲೆ ಹಂಚಿಸಿಕೊಂಡು ಬರೀ ಬಿಡ್ಡಿಂಗ್ ಅಭ್ಯಾಸ ಮಾಡಿ. ವಾರಕ್ಕೆರಡು ರಾತ್ರಿ, ಎರಡು ತಿಂಗಳು. ತಂಡದ ಮೂರು ಜೋಡಿಗಳೂ ಒಬ್ಬರೆದುರು ಒಬ್ಬರು 16 ಬೋರ್ಡಿನ ಪಂದ್ಯ ಆಡಿ.

ಇಂಪ್ ಲೆಕ್ಕ ತಲೆಗಿಳಿಯಬೇಕು

ಜೋಡಿ ಪಂದ್ಯದಲ್ಲಿ ಬೇರೆಯವರಿಗಿಂತ ಹತ್ತು ಅಂಕ ಹೆಚ್ಚು ಬಂದರೂ ಪೂರ್ತಿ ಲಾಭ. ಟೀಮ್ ಪಂದ್ಯದಲ್ಲಿ ಎರಡು ಕೋಣೆಗಳ ಅಂಕದ ವ್ಯತ್ಯಾಸವನ್ನು ಇಂಪ್ ಎಂಬ ಮಾಪನಕ್ಕೆ ಇಳಿಸುತ್ತಾರೆ. 10 ಅಂಕದ ವ್ಯತ್ಯಾಸಕ್ಕೆ ಸೊನ್ನೆ, 20ರಿಂದ 40ಕ್ಕೆ 1 ಇಂಪ್, 220ರಿಂದ 260ಕ್ಕೆ 6, 430ರಿಂದ 490ಕ್ಕೆ 10, 600ರಿಂದ 740ಕ್ಕೆ 12. ಹೀಗೆ ಏರುತ್ತ 4000 ತಲುಪಿದರೆ 24, ಅಲ್ಲಿಗೆ ಮುಕ್ತಾಯ. ಈ ಪಟ್ಟಿಯನ್ನು ಬಾಯಿಪಾಠ ಮಾಡಿ. ಆಟದ ನಿರ್ಧಾರಗಳೆಲ್ಲ ಇದರಿಂದ ಹುಟ್ಟುತ್ತವೆ.

ವಲ್ನರಬಲ್ ಆಗಿ, ಅಂದರೆ ಗೇಮಿನ ಬಹುಮಾನವೂ ಬಿದ್ದರೆ ದಂಡವೂ ಹೆಚ್ಚಿರುವ ಬೋರ್ಡಿನಲ್ಲಿ, ನಾಲ್ಕು ಸ್ಪೇಡ್ ಕೂಗಬೇಕೋ ಮೂರಕ್ಕೇ ನಿಲ್ಲಬೇಕೋ ಎಂಬ ಅನುಮಾನ ಅಂದುಕೊಳ್ಳಿ. ಅಲ್ಲಿಯವರು ಮೂರಕ್ಕೆ ನಿಂತಿದ್ದಾರೆ. ನೀವು ಕೂಗಿ ಹತ್ತು ಟ್ರಿಕ್ ಬಂದರೆ ನಿಮಗೆ 620, ಅವರಿಗೆ 170, ವ್ಯತ್ಯಾಸ 450, ಲಾಭ 10 ಇಂಪ್. ಒಂದು ಕಡಿಮೆ ಬಿದ್ದರೆ ನಿಮಗೆ ಮೈನಸ್ 100, ಅವರಿಗೆ 140, ವ್ಯತ್ಯಾಸ 240, ನಷ್ಟ 6. ಅಂದರೆ ನೂರಕ್ಕೆ 38 ಸಲ ಬರುವ ಗೇಮನ್ನೂ ಕೂಗಬಹುದು. ವಲ್ನರಬಲ್ ಅಲ್ಲದಿದ್ದರೆ ಲಾಭ 6, ನಷ್ಟ 5. ಆಗ 45ಕ್ಕಿಂತ ಮೇಲಿರಬೇಕು. ಗ್ರ್ಯಾಂಡ್ ಸ್ಲ್ಯಾಮ್ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ವಲ್ನರಬಲ್ ಏಳು ಸ್ಪೇಡ್ ಬಂದರೆ ಆರರಲ್ಲಿ ನಿಂತವರ ಮೇಲೆ 13 ಇಂಪ್, ಬಿದ್ದರೆ 17 ನಷ್ಟ. ಜೊತೆಗೆ ಅಲ್ಲಿಯವರು ಆರಕ್ಕೂ ಹೋಗದೆ ಗೇಮಿನಲ್ಲೇ ಉಳಿದಿರಬಹುದು. ಆದ್ದರಿಂದ ಎಲೆ ಎಣಿಸಿ 13 ಟ್ರಿಕ್ ಕಾಣದೆ ಏಳು ಕೂಗಬೇಡಿ.

ಸಣ್ಣ ಕಾಂಟ್ರ್ಯಾಕ್ಟ್‌ಗಳಿಗೆ ಆಸೆಯಿಂದ ಡಬಲ್ ಹೊಡೆಯುವ ಚಟ ಜೋಡಿ ಪಂದ್ಯದಿಂದ ಬಂದಿರುತ್ತದೆ. ಅವರ ಎರಡು ಸ್ಪೇಡಿಗೆ, ವಲ್ನರಬಲ್ ಅಲ್ಲದಾಗ, ಡಬಲ್ ಹೊಡೆದು ಒಂದು ಬಿದ್ದರೆ ನಿಮಗೆ ಹೆಚ್ಚುವರಿ 2 ಇಂಪ್. ಬಂದುಬಿಟ್ಟರೆ 110 ಇದ್ದದ್ದು 470 ಆಗಿ 8 ಇಂಪ್ ಕೈಬಿಡುತ್ತದೆ.

ಇನ್ನು ನಾನೇ ತಿಂದ ಪೆಟ್ಟು ಹೇಳುತ್ತೇನೆ. ಚೆನ್ನೈಯಲ್ಲಿ ವಲ್ನರಬಲ್ ಮೂರು ನೋಟ್ರಂಪ್ ಆಡುತ್ತಿದ್ದೆ. ಹೊರಗಿನ ಮೂರು ಬಣ್ಣಗಳಲ್ಲಿ ಐದು ಟ್ರಿಕ್ ಖಾತ್ರಿ, ಎಲ್ಲದರಲ್ಲೂ ತಡೆ ಇತ್ತು. ಡಮ್ಮಿಯಲ್ಲಿ ಡೈಮಂಡ್ ಎಕ್ಕ, ರಾಜ, ರಾಣಿ, ಐದು, ನಾಲ್ಕು. ಕೈಯಲ್ಲಿ ಎರಡೇ ಸಣ್ಣ ಡೈಮಂಡ್. ಡಮ್ಮಿಗೆ ಹೋಗಲು ಬೇರೆ ದಾರಿ ಇಲ್ಲ. ನನಗೆ ಬೇಕಿದ್ದದ್ದು ಡೈಮಂಡ್‌ನಲ್ಲಿ ನಾಲ್ಕು ಟ್ರಿಕ್. ಉಳಿದ ಆರು ಡೈಮಂಡ್ ಎದುರಾಳಿಗಳಲ್ಲಿ ಮೂರು-ಮೂರು ಹಂಚಿದ್ದರೆ ಮೇಲಿನಿಂದ ಎಳೆದು ಐದೂ ಬರುತ್ತವೆ, ಒಂದು ಹೆಚ್ಚುವರಿ ಟ್ರಿಕ್. ಹಾಗೆ ಹಂಚಿರುವ ಸಂಭವ ನೂರಕ್ಕೆ ಸುಮಾರು 36. ನಾಲ್ಕು-ಎರಡು ಹಂಚಿದ್ದರೆ, ಅದರ ಸಂಭವ 48, ಮೇಲಿನಿಂದ ಎಳೆದವನಿಗೆ ಮೂರೇ ಟ್ರಿಕ್, ಐದು-ನಾಲ್ಕು ಡಮ್ಮಿಯಲ್ಲೇ ಕೊಳೆಯುತ್ತವೆ.

ಮಾಡಬೇಕಿದ್ದದ್ದು ಇಷ್ಟೇ: ಮೊದಲ ಸುತ್ತಿನಲ್ಲಿ ಎರಡೂ ಕಡೆಯಿಂದ ಸಣ್ಣದು ಹಾಕಿ ಒಂದು ಟ್ರಿಕ್ ಬಿಟ್ಟುಕೊಡುವುದು. ಕೈಯಲ್ಲಿ ಇನ್ನೊಂದು ಸಣ್ಣ ಡೈಮಂಡ್ ಉಳಿದಿರುತ್ತದೆ, ಅದನ್ನು ಹಿಡಿದು ಡಮ್ಮಿಗೆ ಹೋಗಿ ಎಕ್ಕ, ರಾಜ, ರಾಣಿ ಎಳೆದರೆ ನಾಲ್ಕು-ಎರಡು ಇದ್ದರೂ ಕೊನೆಯ ಎಲೆ ನಿಲ್ಲುತ್ತದೆ. ಮೂರು-ಮೂರು, ನಾಲ್ಕು-ಎರಡು ಎರಡಕ್ಕೂ ಒಂಬತ್ತು ಟ್ರಿಕ್: ನೂರಕ್ಕೆ 84. ಬಿಟ್ಟುಕೊಟ್ಟದ್ದು ಒಂದು ಹೆಚ್ಚುವರಿ ಟ್ರಿಕ್ಕಿನ 30 ಅಂಕ, ಅಂದರೆ 1 ಇಂಪ್. ನಾನು ಕ್ಲಬ್ಬಿನ ಅಭ್ಯಾಸದಂತೆ ಎಕ್ಕ ಎಳೆದೆ, ರಾಜ ಎಳೆದೆ, ರಾಣಿ ಎಳೆದಾಗ ಎಡಗಡೆಯವರು ಹಾರ್ಟ್ ಬಿಸಾಡಿದರು. ಮೈನಸ್ 100.

ಪಂದ್ಯದ ಒಟ್ಟು ಇಂಪ್ ವ್ಯತ್ಯಾಸವನ್ನು ಮತ್ತೆ 20ರ ವಿಕ್ಟರಿ ಪಾಯಿಂಟ್ ಆಗಿ ಬದಲಿಸುತ್ತಾರೆ. ಸಮವಾದರೆ 10-10. 16 ಬೋರ್ಡಿನ ಪಂದ್ಯದಲ್ಲಿ 20 ಇಂಪ್ ಗೆಲುವಿಗೆ ಸರಿಯಾಗಿ 15-5, 40ಕ್ಕೆ 18.09, 60ಕ್ಕೆ ಪೂರ್ತಿ 20. ಈ ಸೂತ್ರದೊಳಗೆ ಸುವರ್ಣ ಅನುಪಾತ ಕೂತಿದೆ ಎಂಬುದು ಲೆಕ್ಕದ ಮೇಷ್ಟ್ರುಗಳಿಗೆ ಖುಷಿ ಕೊಡುವ ಸಂಗತಿ. ನಮಗೆ ಬೇಕಾದದ್ದು ಅದರ ಪರಿಣಾಮ: ಮೊದಲ 20 ಇಂಪಿಗೆ 5 ಪಾಯಿಂಟ್, ಕೊನೆಯ 20ಕ್ಕೆ ಎರಡೂ ಇಲ್ಲ. ದೊಡ್ಡದಾಗಿ ಮುಂದಿದ್ದೇವೆ ಅನ್ನಿಸಿದಾಗ ಇನ್ನೂ ಕುಯ್ಯಲು ಹೋಗಿ ಅಪಾಯ ಎಳೆದುಕೊಳ್ಳಬೇಡಿ. ಸಣ್ಣ ಅಂತರದ ಪಂದ್ಯದಲ್ಲಿ ಮಾತ್ರ ಒಂದೊಂದು ಇಂಪನ್ನೂ ಕಚ್ಚಿ ಹಿಡಿಯಿರಿ.

ಪರದೆಯ ಹಿಂದೆ

ಹೊಸಬರನ್ನು ಹೆಚ್ಚು ಕಾಡುವುದು ಎದುರಾಳಿಗಳಲ್ಲ, ಪರದೆ. ಮೇಜಿನ ಮೇಲೆ ಮೂಲೆಯಿಂದ ಮೂಲೆಗೆ ಮರದ ಚೌಕಟ್ಟಿನ ಪರದೆ ನಿಂತಿರುತ್ತದೆ. ಉತ್ತರ ಮತ್ತು ಪೂರ್ವ ಒಂದು ಕಡೆ, ದಕ್ಷಿಣ ಮತ್ತು ಪಶ್ಚಿಮ ಇನ್ನೊಂದು ಕಡೆ. ನಿಮ್ಮ ಜೊತೆಗಾರರ ಮುಖ ಕಾಣುವುದಿಲ್ಲ, ಪಕ್ಕದಲ್ಲಿ ಕಾಣುವುದು ಎದುರಾಳಿ ಮಾತ್ರ. ಬಿಡ್ಡಿಂಗ್ ಬಾಕ್ಸಿನಿಂದ ತೆಗೆದ ಚೀಟಿಗಳನ್ನು ಒಂದು ಟ್ರೇ ಮೇಲೆ ಇಡುತ್ತೀರಿ. ಒಂದು ಕಡೆಯ ಇಬ್ಬರೂ ಬಿಡ್ ಮಾಡಿದ ಮೇಲೆ ಟ್ರೇಯನ್ನು ಪರದೆಯ ಕೆಳಗಿನ ಸಂದಿಯಿಂದ ಆಚೆ ತಳ್ಳಬೇಕು. ಆ ಕೆಲಸ ಉತ್ತರ ಮತ್ತು ದಕ್ಷಿಣದವರದು.

ನನ್ನ ಮೊದಲ ಬೋರ್ಡಿನಲ್ಲಿ ನಾನು ಉತ್ತರ. ಬಿಡ್ ಇಟ್ಟು ಕೈಕಟ್ಟಿ ಕೂತೆ. ಪಕ್ಕದ ಹಿರಿಯರು ಪೋಲೆಂಡಿನವರು, ಅವರೂ ಪಾಸ್ ಇಟ್ಟು ಕೂತರು. ಅರ್ಧ ನಿಮಿಷ ಇಬ್ಬರೂ ಟ್ರೇ ನೋಡುತ್ತ ಕೂತೆವು. ಕೊನೆಗೆ ಅವರು ಒಂದು ಬೆರಳಿನಿಂದ ಟ್ರೇಯನ್ನು ಮೆಲ್ಲಗೆ ತಟ್ಟಿ ನಕ್ಕರು. ಆಚೆ ಕಡೆ ನನ್ನ ಪಾರ್ಟ್ನರ್ ನಾನು ಯಾವುದೋ ಭಯಂಕರ ಯೋಚನೆಯಲ್ಲಿದ್ದೇನೆ ಎಂದುಕೊಂಡಿದ್ದರಂತೆ.

ಪರದೆಗೆ ಕಾರಣವಾದ ಕಥೆಗಳು ಚೆನ್ನಾಗಿಲ್ಲ. ಬರ್ಮುಡಾ ಬೌಲ್‌ನಲ್ಲಿ ಇದನ್ನು ಮೊದಲು ಬಳಸಿದ್ದು 1975ರಲ್ಲಿ. ಅದೇ ಪಂದ್ಯಾವಳಿಯಲ್ಲಿ ಇಟಲಿಯ ಒಂದು ಜೋಡಿ ಮೇಜಿನಡಿ ಕಾಲು ತಾಗಿಸಿ ಸನ್ನೆ ಮಾಡಿದ ಆರೋಪ ಬಂತು. ಆಮೇಲೆ ಪರದೆ ಮೇಜಿನ ಕೆಳಗೂ ಇಳಿಯಿತು.

ಪರದೆಯಿದ್ದಾಗ ಅಲರ್ಟ್ ಮಾಡುವ ಕ್ರಮ ಬೇರೆ. ಕ್ಲಬ್ಬಿನಲ್ಲಿ ಪಾರ್ಟ್ನರಿನ ಬಿಡ್ಡನ್ನು ಮಾತ್ರ ನೀವು ಅಲರ್ಟ್ ಮಾಡುತ್ತೀರಿ. ಇಲ್ಲಿ ನಿಮ್ಮ ಬಿಡ್ಡನ್ನೂ ನಿಮ್ಮ ಪಕ್ಕದ ಎದುರಾಳಿಗೆ ನೀವೇ ಅಲರ್ಟ್ ಮಾಡಿ, ಅವರು ಕೇಳಿದರೆ ಕಾಗದದ ಮೇಲೆ ಬರೆದು ತೋರಿಸಬೇಕು. ಬಾಯಲ್ಲಿ ಹೇಳಬೇಡಿ, ಆಚೆಗೆ ಕೇಳುತ್ತದೆ, ಮತ್ತು ನಾಳೆ ತಕರಾರು ಬಂದರೆ ಬರೆದದ್ದೇ ಸಾಕ್ಷಿ. ಚುಟುಕಾಗಿ ಬರೆಯಿರಿ: '11-14, ಹಾರ್ಟ್ 5+' ಎಂಬಷ್ಟು, ಆದರೆ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಪಾರ್ಟ್ನರ್ ಜೊತೆ ಒಂದು ಮಾತೂ ಬೇಡ, "ನೀರು ಬೇಕಾ ಸಾರ್" ಎಂದು ಕೇಳಿದರೂ ಎದುರಿಗಿರುವವರ ಹುಬ್ಬು ಏರುತ್ತದೆ.

ಟ್ರೇ ತಡವಾಗಿ ಬಂದರೆ ಆಚೆ ಯೋಚಿಸಿದ್ದು ಪಾರ್ಟ್ನರೋ ಎದುರಾಳಿಯೋ ನಿಮಗೆ ತಿಳಿಯಬಾರದು, ಅದೇ ಉದ್ದೇಶ. ಆದ್ದರಿಂದ ಬಿಡ್‌ಗಳು ಬೇಗ ಮುಗಿದರೂ ಟ್ರೇಯನ್ನು ಒಮ್ಮೊಮ್ಮೆ ಹತ್ತು ಹದಿನೈದು ಸೆಕೆಂಡು ಹಿಡಿದಿಟ್ಟು ತಳ್ಳುವುದು ಒಳ್ಳೆಯ ಅಭ್ಯಾಸ. ಮೊದಲ ಲೀಡ್ ಬಿದ್ದ ಮೇಲೆ ಪರದೆಯ ನಡುವಿನ ಚಿಕ್ಕ ಕಿಟಕಿ ಎತ್ತುತ್ತಾರೆ, ಡಮ್ಮಿಯ ಎಲೆಗಳು ಎಲ್ಲರಿಗೂ ಕಾಣುತ್ತವೆ.

ಪರದೆಯಿಂದ ಒಂದು ಉಪಕಾರವೂ ಇದೆ. ನಿಮ್ಮ ಬಿಡ್ಡಿಗೆ ಪಾರ್ಟ್ನರ್ ತಪ್ಪು ಅರ್ಥ ಹೇಳಿದರೆ ಅದು ನಿಮಗೆ ಕೇಳುವುದೇ ಇಲ್ಲ. ಕೇಳಿಸಿಕೊಂಡು ಕೇಳಿಸದವರಂತೆ ನಟಿಸುವ ಸಂಕಟ ತಪ್ಪುತ್ತದೆ.

ಪಂದ್ಯದ ದಿನ

ಮೊಬೈಲ್ ಕೋಣೆಯಲ್ಲೇ ಬಿಟ್ಟು ಬನ್ನಿ. ಸ್ಮಾರ್ಟ್ ವಾಚ್ ಕೂಡ. ಜೇಬಿನಲ್ಲಿ ಸ್ವಿಚ್ ಆಫ್ ಆಗಿದ್ದರೂ ಆಟದ ಜಾಗದಲ್ಲಿ ಸಿಕ್ಕರೆ ತಂಡದ ಪಾಯಿಂಟ್ ಕತ್ತರಿಸುತ್ತಾರೆ. ಒಂದು ಸಾದಾ ಮುಳ್ಳಿನ ಗಡಿಯಾರ ಕಟ್ಟಿಕೊಳ್ಳಿ.

ಸಮಯದ ಮೇಲೆ ಕಣ್ಣಿರಲಿ. ಪರದೆ, ಬರವಣಿಗೆ ಎಲ್ಲ ಸೇರಿ ಬೋರ್ಡಿಗೆ ಎಂಟೂವರೆ ಒಂಬತ್ತು ನಿಮಿಷ ಸಿಗುತ್ತದೆ. ನಿಧಾನಕ್ಕೂ ದಂಡವಿದೆ. ಎದುರಾಳಿಗಳೇ ನಿಧಾನ ಅನ್ನಿಸಿದರೆ ಅರ್ಧ ಪಂದ್ಯದೊಳಗೇ ಡೈರೆಕ್ಟರ್ ಕರೆದು ಹೇಳಿ. ಮುಗಿದ ಮೇಲೆ ಹೇಳಿದರೆ ದಂಡ ಇಬ್ಬರಿಗೂ ಹಂಚಿಕೆ.

ಡೈರೆಕ್ಟರನ್ನು ಕರೆಯುವುದು ಜಗಳವಲ್ಲ. ನಮ್ಮ ಕಡೆ ಅದನ್ನು ಅವಮಾನ ಎಂದು ತಿಳಿಯುವವರಿದ್ದಾರೆ. ಇಲ್ಲಿ ಬಣ್ಣ ಇದ್ದೂ ಬೇರೆ ಎಲೆ ಹಾಕಿದ್ದು, ಸರದಿ ತಪ್ಪಿ ಲೀಡ್ ಮಾಡಿದ್ದು, ವಿವರಣೆ ತಪ್ಪಾದದ್ದು, ಏನೇ ಆದರೂ ಕೈ ಎತ್ತಿ ಕರೆಯುತ್ತಾರೆ, ಅವರು ಬಂದು ನಿಯಮ ಓದಿ ಹೋಗುತ್ತಾರೆ, ಆಟ ಮುಂದುವರಿಯುತ್ತದೆ. ಉಳಿದ ಟ್ರಿಕ್‌ಗಳೆಲ್ಲ ನನ್ನವೇ ಎಂದು ಎಲೆ ತೋರಿಸುವಾಗ ಹೇಗೆ ಆಡುತ್ತೇನೆ ಎಂಬುದನ್ನು ಬಾಯಿಬಿಟ್ಟು ಹೇಳಿ, ಮೊದಲು ಉಳಿದ ತುರುಪು ತೆಗೆಯುತ್ತೇನೆ ಎಂಬುದನ್ನೂ ಸೇರಿಸಿ. ಹೇಳದೆ ಬಿಟ್ಟದ್ದು ನಿಮ್ಮ ವಿರುದ್ಧವೇ ತೀರ್ಮಾನವಾಗಬಹುದು.

ಹೊಟ್ಟೆಯ ವಿಷಯ. ಮಧ್ಯಾಹ್ನ ಹೊಟ್ಟೆ ತುಂಬ ಅನ್ನ ಉಂಡು ಎರಡನೇ ಪಂದ್ಯಕ್ಕೆ ಕೂರಬೇಡಿ. ವಿದೇಶಕ್ಕೆ ಹೋಗುವವರು ಸಸ್ಯಾಹಾರಿಗಳಾದರೆ ಅವಲಕ್ಕಿ, ಚಟ್ನಿಪುಡಿ, ಒಣಹಣ್ಣು ಜೊತೆಗಿಟ್ಟುಕೊಳ್ಳಿ. ಎರಡು ಪಂದ್ಯದ ನಡುವಿನ ಬಿಡುವಿನಲ್ಲಿ ಹೋಟೆಲ್ ಹುಡುಕಿ ಅಲೆಯುವಷ್ಟು ಹೊತ್ತಿರುವುದಿಲ್ಲ. ವೀಸಾಕ್ಕೆ ಆಯೋಜಕರ ಆಹ್ವಾನ ಪತ್ರ ಕೇಳಿ ತರಿಸಿಕೊಳ್ಳಿ, ಹಗಲು-ರಾತ್ರಿ ಅದಲುಬದಲಾಗುವ ದೇಶವಾದರೆ ಎರಡು ದಿನ ಮೊದಲೇ ತಲುಪಿ.

ಔಷಧಿಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1999ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ ಸಿಕ್ಕಮೇಲೆ ಬ್ರಿಡ್ಜಿಗೂ ಡೋಪಿಂಗ್ ನಿಯಮಗಳು ಅನ್ವಯ. ಲೋಕದ ಅತ್ಯುತ್ತಮರಲ್ಲಿ ಒಬ್ಬರಾದ, ನಾರ್ವೆ ಮೂಲದ ಗೇರ್ ಹೆಲ್ಗೆಮೋ 2018ರಲ್ಲಿ ಒರ್ಲಾಂಡೋದಲ್ಲಿ ಕೊಟ್ಟ ಮಾದರಿಯಲ್ಲಿ ನಿಷೇಧಿತ ಪದಾರ್ಥ ಸಿಕ್ಕಿ ಆಟದಿಂದ ಹೊರಗುಳಿಯಬೇಕಾಯಿತು. ನಮ್ಮ ತಂಡಗಳಲ್ಲಿ ಅರ್ಧ ಜನ ಬಿಪಿ, ಸಕ್ಕರೆಗೆ ಮಾತ್ರೆ ನುಂಗುವವರು. ದಿನಾ ತೆಗೆದುಕೊಳ್ಳುವ ಔಷಧಿಗಳ ಪಟ್ಟಿ ಮಾಡಿ ನಿಷೇಧಿತ ಪಟ್ಟಿಯ ಜೊತೆ ತಾಳೆ ನೋಡಿ. ಬೇಕಿದ್ದರೆ ವೈದ್ಯರ ಪತ್ರದೊಂದಿಗೆ ವಿನಾಯಿತಿಗೆ ಮೊದಲೇ ಅರ್ಜಿ ಹಾಕಿ.

ಲೆಕ್ಕ ಕೂಡಿಸುವ ಹತ್ತು ನಿಮಿಷ

ಪಂದ್ಯ ಮುಗಿದ ಮೇಲೆ ಎರಡೂ ಜೋಡಿ ಒಂದು ಮೂಲೆಯಲ್ಲಿ ಸೇರಿ ಅಂಕ ಹೋಲಿಸುತ್ತಾರೆ. ತಂಡಗಳು ಒಡೆಯುವುದು ಇಲ್ಲೇ. ಈಗ ಫಲಿತಾಂಶ ಕಂಪ್ಯೂಟರ್ ಪರದೆಯ ಮೇಲೆ ಆಗಲೇ ಬಂದಿರುತ್ತದೆ, ಆದರೂ ಬಾಯಲ್ಲಿ ಹೇಳಿ ಹೋಲಿಸುವ ಪದ್ಧತಿ ಉಳಿದಿದೆ. ಅದಕ್ಕೆ ಒಂದು ಕಟ್ಟುಪಾಡು ಇಟ್ಟುಕೊಳ್ಳಿ: ಅಂಕ ಮಾತ್ರ ಹೇಳಬೇಕು, ಕಾರಣ ಹೇಳಬಾರದು, ಕೇಳಲೂಬಾರದು.

ನಮ್ಮ ತಂಡದಲ್ಲಿ ಹಿರಿಯರೊಬ್ಬರಿದ್ದರು, ಎಲ್ಲರೂ ಬರೀ ಸಾರ್ ಎನ್ನುತ್ತಿದ್ದೆವು. ಆ ದಿನ ಅವರು ಇನ್ನೊಂದು ಕೋಣೆಯಲ್ಲಿ ಆಡಿ ಬಂದಿದ್ದರು.

"ಬೋರ್ಡ್ ಏಳು. ಮೈನಸ್ 100," ಅಂದೆ.

"ಮೈನಸ್ 600," ಅಂದರು ಸಾರ್. ಬರೆದುಕೊಂಡರು. "ಸೋತದ್ದು ಹನ್ನೆರಡು. ಮುಂದೆ?"

"ಸಾರ್, ಆ ಡೈಮಂಡ್..."

"ಮುಂದೆ ಹೇಳಪ್ಪಾ."

"ಬೋರ್ಡ್ ಎಂಟು. ಪ್ಲಸ್ 50."

ಆ ಪಂದ್ಯ 9 ಇಂಪ್ ಅಂತರದಲ್ಲಿ ಸೋತೆವು. ಮುಂದಿನ ಪಂದ್ಯಕ್ಕೆ ನನ್ನನ್ನು ಕೂರಿಸುವುದೋ ಬೇಡವೋ ಎಂದು ಯಾರೂ ನನ್ನೆದುರು ಚರ್ಚಿಸಲಿಲ್ಲ. ಕ್ಯಾಪ್ಟನ್ ಮೊದಲೇ ಬರೆದಿದ್ದ ಲೈನ್-ಅಪ್ಪನ್ನೇ ಕೊಟ್ಟು ಬಂದರು. ನಾವಿಬ್ಬರು ಮತ್ತೆ ಓಪನ್ ರೂಮಿನಲ್ಲಿ ಕೂತೆವು. ಕೈ ಇನ್ನೂ ಸ್ವಲ್ಪ ನಡುಗುತ್ತಿತ್ತು, ಆದರೆ ಬಿಡ್ಡಿಂಗ್ ಮರೆಯಲಿಲ್ಲ.

ಹೀಗೇ ಮಾಡಿ. ತಪ್ಪಾದ ಬೋರ್ಡಿನ ನಂಬರನ್ನು ಸ್ಕೋರ್ ಹಾಳೆಯಲ್ಲಿ ಗುಂಡು ಸುತ್ತಿಡಿ, ಬಿಡ್ಡಿಂಗಿನ ಗೊಂದಲವಾಗಿದ್ದರೆ ಆ ರಾತ್ರಿ ಎರಡೇ ಮಾತಿನಲ್ಲಿ "ಇನ್ನು ಮುಂದೆ ಇದಕ್ಕೆ ಇದೇ ಅರ್ಥ" ಎಂದು ಬರೆದುಕೊಂಡು ಮುಗಿಸಿ. ಯಾರು ಸರಿ ಎಂಬ ವಾದ ಪಂದ್ಯಾವಳಿ ಮುಗಿಯುವ ತನಕ ಬೇಡ. ರಾತ್ರಿ ಮಲಗುವ ಮುನ್ನ ಬೇರೆ ತಂಡಗಳು ಆ ಬೋರ್ಡಿನಲ್ಲಿ ಏನು ಮಾಡಿದವು ಎಂದು ಮೊಬೈಲ್‌ನಲ್ಲಿ ಹುಡುಕುತ್ತ ಕೂರುವುದೂ ಬೇಡ. ಎಲ್ಲ ಬೋರ್ಡುಗಳ ಎಲೆ ಹಂಚಿಕೆಯ ಮುದ್ರಿತ ಹಾಳೆ ಸಿಗುತ್ತದೆ, ಅದನ್ನು ಮಡಚಿ ಚೀಲದ ತಳದಲ್ಲಿಡಿ.

ನಾಕೌಟ್‌ಗೆ ಬಾರದಿದ್ದರೆ ಗಂಟು ಕಟ್ಟಬೇಡಿ. ದೊಡ್ಡ ಪಂದ್ಯಾವಳಿಗಳಲ್ಲಿ ಅಕ್ಕಪಕ್ಕದಲ್ಲೇ ಬೇರೆ ಸಣ್ಣ ಪಂದ್ಯಗಳಿರುತ್ತವೆ, ಆಡಿ. ಇಲ್ಲವೆಂದರೆ ದೊಡ್ಡ ಪರದೆಯ ಮೇಲೆ ಬಿಡ್ಡಿಂಗ್ ತೋರಿಸುತ್ತ ವಿವರಿಸುವ ವ್ಯೂಗ್ರಾಫ್ ಕೋಣೆಗೆ ಹೋಗಿ ಕೂರಿ. ಆ ವರ್ಷ ಬರ್ಮುಡಾ ಬೌಲ್ ಪೋಲೆಂಡಿನ ಪಾಲಾಯಿತು.

ನಾವು ವಾಪಸು ರೈಲು ಹತ್ತಿದೆವು. ಕಾಟ್ಪಾಡಿ ಬರುವ ತನಕ ಯಾರೂ ಎಲೆಯ ಮಾತೆತ್ತಲಿಲ್ಲ. ಇಡ್ಲಿ ತಿಂದೆವು, ಕಾಫಿ ಕುಡಿದೆವು. ಕಾಟ್ಪಾಡಿ ದಾಟಿದ ಮೇಲೆ ಸಾರ್ ಕನ್ನಡಕ ಒರೆಸಿ ಹಾಕಿಕೊಂಡು, ನನ್ನ ಕಡೆ ತಿರುಗಿ, "ಎಲ್ಲಪ್ಪಾ, ಆ ಏಳನೇ ಬೋರ್ಡಿನ ಹಾಳೆ ತೆಗಿ ನೋಡೋಣ," ಅಂದರು. ಬಂಗಾರಪೇಟೆ ದಾಟಿದರೂ ಅದೇ ನಡೆಯುತ್ತಿತ್ತು.